ತೋಡಿನ ಆಚೆ ಯಾರ ಲಿಮಿಟ್ಸು?

ಕಳೆದ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಊರಿಂದ ಅಪ್ಪನ ಫೋನು. ‘ಒಣಗಿಸಿ ಕಟ್ಟಿಟ್ಟಿದ್ದ ಕರಿಮೆಣಸು ಮೂರು ಮೂಟೆ ಕಾಣ್ತಿಲ್ಲ ಕಣೋ.’ ನಮ್ಮ ತೋಟ ಇರೋದು ಹುದಿಕೇರಿ ಕಡೆ. ಮನೆಯಲ್ಲಿ ಅಪ್ಪ, ಅಮ್ಮ, ಒಂದು ನಾಯಿ. ಮಕ್ಕಳೆಲ್ಲ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ.

ಅಪ್ಪ ಜೀಪ್ ಹತ್ತಿ ಒಂದು ಠಾಣೆಗೆ ಹೋದರು. ಅಲ್ಲಿದ್ದವರು ಕೂರಿಸಿ, ಎಲ್ಲ ಕೇಳಿ, ಕೊನೆಗೆ ‘ತೋಡಿನ ಆಚೆ ನಮ್ಮ ಲಿಮಿಟ್ಸ್ ಅಲ್ಲ ಸಾರ್, ಪಕ್ಕದ ಸ್ಟೇಷನ್‌ಗೆ ಹೋಗಿ’ ಅಂದರು. ಪಕ್ಕದವರು ‘ಕಣ ತೋಡಿನ ಈಚೆ ಇದೆಯಲ್ಲ, ಅದು ಅವರದ್ದೇ’ ಅಂದರು. ಯಾರೂ ಬೈಯಲಿಲ್ಲ, ದುಡ್ಡು ಕೇಳಲಿಲ್ಲ. ಬರೆದುಕೊಳ್ಳಲೂ ಇಲ್ಲ. ಮೂರನೇ ದಿನ ದೂರು ದಾಖಲಾಯ್ತು. ಅಷ್ಟರಲ್ಲಿ ಮೆಣಸು ಯಾವ ಊರಿನ ಅಂಗಡಿ ಸೇರಿತ್ತೋ!

ಇದನ್ನ ‘ನಮ್ಮ ದೇಶ ಹೀಗೇ’ ಅಂತ ಬಿಟ್ಟುಬಿಡಬಹುದಿತ್ತು. ಬಿಡಲಾರದ್ದಕ್ಕೆ ಕಾರಣ, ಕಾನೂನು ಹೀಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಓದಿ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಇಮೇಲ್‌ನಂಥ ದಾರಿಯಲ್ಲೂ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಿದರೆ ಸಾಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಜನ ಇದನ್ನ ‘ಝೀರೋ ಎಫ್‌ಐಆರ್’ ಅಂತಾರೆ. ಕಾಗದದ ಮೇಲೆ ನೋಡಿದರೆ, ನನ್ನ ಬೆಂಗಳೂರಿನ ಮನೆ ಹತ್ತಿರದ ಠಾಣೆಯವರೂ ಅಪ್ಪನ ಮೆಣಸಿನ ದೂರು ಬರೆದುಕೊಂಡು ಕೊಡಗಿಗೆ ಕಳಿಸಬೇಕಿತ್ತು. ಅದಕ್ಕೂ ಮೊದಲೇ, 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕೋದು ಕಡ್ಡಾಯ ಅಂತ ಹೇಳಿತ್ತು.

ಹಾಗಾದರೆ ತಪ್ಪೆಲ್ಲಿ? ಪೊಲೀಸರನ್ನ ಬೈದರೆ ಮುಗಿಯಲ್ಲ. ಅವರ ಕಡೆಯಿಂದ ನೋಡಿ. ದಾಖಲಾದ ಪ್ರತಿ ಕೇಸೂ ಆ ಠಾಣೆಯ ಲೆಕ್ಕಕ್ಕೆ ಸೇರುತ್ತೆ. ಪತ್ತೆಯಾಗದಿದ್ದರೆ ಮೀಟಿಂಗ್‌ನಲ್ಲಿ ಉತ್ತರ ಕೊಡಬೇಕಾದವರು ಅಲ್ಲಿನ ಇನ್‌ಸ್ಪೆಕ್ಟರು. ನಮ್ಮ ಕಡೆ ಒಂದೊಂದು ಮನೆಯೂ ಒಂದೊಂದು ಗುಡ್ಡದ ಮೇಲೆ. ರಾತ್ರಿ ಆದರೆ ರಸ್ತೆಯಲ್ಲಿ ಆನೆ. ಕೈಯಲ್ಲಿರೋ ನಾಲ್ಕು ಜನರಲ್ಲಿ ಅನುಮಾನದ ಗಡಿಯಲ್ಲಿರೋ ಕೇಸನ್ನ ಪಕ್ಕಕ್ಕೆ ತಳ್ಳೋಣ ಅನ್ನಿಸೋದು ಮನುಷ್ಯಸಹಜ. ಆದರೆ ಹಾಗೆ ತಳ್ಳಿದ ಕೇಸನ್ನ ಹೊತ್ತುಕೊಂಡು ಓಡಾಡಿದವರು ಎಪ್ಪತ್ತು ದಾಟಿದ ನಮ್ಮಪ್ಪ. ನನ್ನ ತಕರಾರು ಇರೋದು ಇಲ್ಲಿ. ವ್ಯಾಪ್ತಿ ಅನ್ನೋದು ಇಲಾಖೆ ತನ್ನ ಅನುಕೂಲಕ್ಕೆ ಎಳೆದುಕೊಂಡ ಗೆರೆ. ಆ ಗೆರೆ ದಾಟಿಸುವ ಕೆಲಸವೂ ಇಲಾಖೆದೇ ಆಗಬೇಕು.

ಮೂರು ಮೂಟೆ ಮೆಣಸಿಗೆ ಇಷ್ಟು ಮಾತೇ ಅಂತೀರಾ? 2019ರ ನವೆಂಬರ್‌ನಲ್ಲಿ ಹೈದರಾಬಾದ್ ಹೊರವಲಯದಲ್ಲಿ ಪಶುವೈದ್ಯೆಯೊಬ್ಬಳು ಕಾಣೆಯಾದ ರಾತ್ರಿ, ಮನೆಯವರನ್ನ ಇದೇ ವ್ಯಾಪ್ತಿಯ ಮಾತಾಡಿ ಒಂದು ಠಾಣೆಯಿಂದ ಇನ್ನೊಂದಕ್ಕೆ ಕಳಿಸಿದ್ದರು. ಎರಡೂ ಒಂದೇ ಕಮಿಷನರೇಟಿನ ಠಾಣೆಗಳು. ಆಮೇಲೆ ಮೂವರು ಪೊಲೀಸರನ್ನ ಸಸ್ಪೆಂಡ್ ಮಾಡಿದರು. ಹುಡುಗಿ ವಾಪಸ್ ಬರಲಿಲ್ಲ.

ಕೊಡಗಿಗೆ ಪೊಲೀಸ್ ಜವಾಬ್ದಾರಿ ಕೈ ಬದಲಾಗೋದು ಹೊಸದೇನಲ್ಲ. 1956ರ ಅಕ್ಟೋಬರ್ ಮುಗಿಯುವ ತನಕ ಕೂರ್ಗ್ ಅಂತ ಬೇರೆಯದೇ ರಾಜ್ಯ ಇತ್ತು. 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾನೂನು ಸುವ್ಯವಸ್ಥೆಯ ಹೊಣೆಯೂ ಆ ಕಡೆ ಹೋಯ್ತು. ಆದರೆ ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಊರುಗಳಿಗೆಲ್ಲ ಒಂದೇ ಪೊಲೀಸ್ ಕಾಯ್ದೆ ಅಂತ ಮಾಡಿದ್ದು 1963ರಲ್ಲಿ. ನಕ್ಷೆ ಬದಲಾಗೋಕೆ ಒಂದು ದಿನ, ಕಾನೂನು ಒಂದಾಗೋಕೆ ಏಳು ವರ್ಷ. ಮೊನ್ನೆ ಮೊನ್ನೆ, 2020ರಲ್ಲಿ, ವಿರಾಜಪೇಟೆಯಿಂದ ಬೇರೆಯಾಗಿ ಪೊನ್ನಂಪೇಟೆ ತಾಲ್ಲೂಕು ಶುರುವಾದಾಗಲೂ ಅಷ್ಟೆ, ಯಾವ ಕೆಲಸಕ್ಕೆ ಯಾವ ಆಫೀಸು ಅಂತ ಅಪ್ಪನಿಗೆ ಗೊತ್ತಾಗೋಕೆ ತಿಂಗಳುಗಳೇ ಹಿಡಿದವು.

ಠಾಣೆಯ ಗಡಿ ಸರಿಸೋಕೆ ಸರ್ಕಾರದ ಒಂದು ಅಧಿಸೂಚನೆ ಸಾಕು. ಫೈಲು ಹೋಗುತ್ತೆ, ನಕ್ಷೆ ಹೋಗುತ್ತೆ. ಹಳೇ ಬೀಟ್ ಪೊಲೀಸಪ್ಪನ ತಲೆಯಲ್ಲಿರೋದು ಹೋಗಲ್ಲ. ಯಾವ ತೋಟದಲ್ಲಿ ಮುದುಕರಿಬ್ಬರೇ ಇದ್ದಾರೆ, ಯಾವ ಲೈನ್ ಮನೆಗೆ ಹೊಸಬರು ಬಂದಿದ್ದಾರೆ, ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತೆ, ಇದೆಲ್ಲ ಯಾವ ರಿಜಿಸ್ಟರ್‌ನಲ್ಲಿದೆ? ನಾವು ಆಫೀಸ್‌ನಲ್ಲಿ ಕೆಲಸ ಬಿಡುವಾಗ ಹದಿನೈದು ದಿನ ಪಕ್ಕದಲ್ಲಿ ಕೂತು ಹ್ಯಾಂಡೋವರ್ ಕೊಡ್ತೀವಿ. ಒಂದು ಊರಿನ ಕಾವಲು ಕೈ ಬದಲಾಗುವಾಗ ಹಳಬ ಹೊಸಬರಿಬ್ಬರೂ ಜೊತೆಯಾಗಿ ಮನೆ ಮನೆ ತಿರುಗಿದರೆ ಇಲಾಖೆ ಮುಳುಗುತ್ತಾ?

ಝೀರೋ ಎಫ್‌ಐಆರ್‌ಗೂ ಇದೇ ಮಾತು. ಬರೆದುಕೊಳ್ಳೋದು ಅರ್ಧ ಕೆಲಸ. ಅದು ಪಕ್ಕದ ಠಾಣೆಗೆ ತಲುಪಿತಾ, ಯಾವತ್ತು ತಲುಪಿತು, ಈಗ ಯಾರ ಕೈಯಲ್ಲಿದೆ ಅಂತ ದೂರು ಕೊಟ್ಟವರ ಮೊಬೈಲಿಗೆ ಒಂದು ಮೆಸೇಜ್ ಬರಲಿ. ಒಂದು ಬಿರಿಯಾನಿ ಎಲ್ಲಿ ತಲುಪಿದೆ ಅಂತ ನಿಮಿಷ ನಿಮಿಷಕ್ಕೂ ಗೊತ್ತಾಗುವ ಕಾಲ ಇದು.

ನನ್ನ ಹಾಗೆ ಅಪ್ಪ ಅಮ್ಮನನ್ನ ಊರಲ್ಲಿ ಬಿಟ್ಟು ಬಂದವರಿಗೆ ಇಷ್ಟು ಹೇಳ್ತೀನಿ. ‘ನಮ್ಮ ಲಿಮಿಟ್ಸ್ ಅಲ್ಲ’ ಅಂದರೆ, ‘ಸರಿ, ಬರೆದುಕೊಂಡು ನೀವೇ ಕಳಿಸಿ’ ಅಂತ ಮರ್ಯಾದೆಯಿಂದಲೇ ಕೇಳೋದನ್ನ ಅವರಿಗೆ ಕಲಿಸಿ. ಆಗಲೂ ಆಗದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅದಕ್ಕೂ ಅದೇ 173ನೇ ಸೆಕ್ಷನ್‌ನಲ್ಲಿ ಜಾಗ ಇದೆ.

ನಮ್ಮ ಮನೆ ಗೋಡೆಯ ಕ್ಯಾಲೆಂಡರ್ ಮೇಲೆ ಅಪ್ಪ ಈಗ ಎರಡೂ ಠಾಣೆಯ ನಂಬರ್ ಬರೆದಿಟ್ಟಿದ್ದಾರೆ. ಮೊದಲು ಯಾವುದಕ್ಕೆ ಮಾಡ್ತೀರಿ ಅಂತ ಕೇಳಿದೆ. ‘ಮೊದಲು ನಿಂಗೆ ಮಾಡ್ತೀನಿ’ ಅಂದರು. ನಾನಿರೋದು ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ.