ಮರಳಿ ಬರುವ ಮನೆ: ಜಪಾನಿನ ಇಂಗ್ಲಿಷ್ ಯಾತ್ರೆ ಮತ್ತು ನಾರಾಯಣಪೇಟೆ ಗಡಿಯ ಕನ್ನಡ

ಮಾತೃಭಾಷಾ ಶಿಕ್ಷಣವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಜಪಾನಿನ ಹೆಸರು ಬಾರದಿರುವುದು ಅಪರೂಪ. ಆ ದೇಶ ತನ್ನ ನುಡಿಯಲ್ಲೇ ಕಲಿತು ಮುಂದೆ ಬಂತು, ನಾವು ಇಂಗ್ಲಿಷಿಗೆ ಮರುಳಾಗಿ ಹಿಂದುಳಿದೆವು ಎಂಬ ವಾದ ಹೆಚ್ಚು ಪ್ರಶ್ನೆಯಿಲ್ಲದೆ ಒಪ್ಪಿತವಾಗಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಕನ್ನಡ ಶಾಲೆಗಳ ಪರವಾಗಿ ಮಾತನಾಡುವವರಿಗೂ ಈ ವಾದ ಆಪ್ತವಾದದ್ದೇ. ಆದರೆ ಜಪಾನು ತನ್ನ ಮಕ್ಕಳನ್ನು ಆರಿಸಿ, ವೆಚ್ಚ ಭರಿಸಿ, ಇಂಗ್ಲಿಷ್ ಕಲಿಯಲೆಂದು ಹೊರದೇಶಕ್ಕೆ ಕಳಿಸಿದ ಚರಿತ್ರೆಯೂ ಒಂದೂವರೆ ಶತಮಾನದಷ್ಟು ಹಳೆಯದು. ಅದನ್ನು ಬಿಟ್ಟು ಜಪಾನನ್ನು ಮಾದರಿಯೆಂದು ಹಿಡಿದರೆ ನಮಗೆ ದಕ್ಕುವುದು ಅರ್ಧ ಸತ್ಯ. ಈ ಮಾದರಿಯನ್ನು ಎರಡು ಗ್ರಂಥಗಳ ಮೂಲಕ ಪರಿಶೀಲಿಸುವುದು ಇಲ್ಲಿಯ ಉದ್ದೇಶ. ಒಂದು, ಹೈದರಾಬಾದ್ ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಸೈಯದ್ ರಾಸ್ ಮಸೂದ್ ಅವರು 1922ರಲ್ಲಿ ಜಪಾನಿಗೆ ಹೋಗಿಬಂದು ನಿಜಾಮ ಸರ್ಕಾರಕ್ಕೆ ಸಲ್ಲಿಸಿದ, 1923ರಲ್ಲಿ ಪ್ರಕಟವಾದ ವರದಿ. ಇನ್ನೊಂದು, ಕಾದಂಬರಿಗಾರ್ತಿ ಮಿನಾಯೆ ಮಿಜುಮುರಾ ಅವರು ಜಪಾನಿ ಭಾಷೆಯ ಅವಸಾನವನ್ನು ಕುರಿತು 2008ರಲ್ಲಿ ಬರೆದ, 2015ರಲ್ಲಿ ಇಂಗ್ಲಿಷಿಗೆ ಬಂದ ಕೃತಿ.

ಮೊದಲು ಆ ಯಾತ್ರೆಯ ಚರಿತ್ರೆಯನ್ನು ನೋಡಬೇಕು. 1871ರ ಡಿಸೆಂಬರಿನಲ್ಲಿ ಇವಾಕುರಾ ನಿಯೋಗದೊಡನೆ ಐವರು ಹುಡುಗಿಯರು ಅಮೆರಿಕಕ್ಕೆ ಹಡಗು ಹತ್ತಿದರು. ಹತ್ತು ವರ್ಷಗಳ ವಾಸದ ವೆಚ್ಚ ಸರ್ಕಾರದ್ದು. ಮಕ್ಕಳನ್ನು ಕೊಟ್ಟವರು ಹೆಚ್ಚಾಗಿ ಅಂತರ್ಯುದ್ಧದಲ್ಲಿ ಸೋತ ಶೋಗುನ್ ಪಕ್ಷದ ಮನೆತನದವರು. ಅವರಲ್ಲಿ ಅತಿ ಕಿರಿಯಳಾದ ತ್ಸುದಾ ಉಮೆಕೊಗೆ ಆಗ ಆರು ವರ್ಷ. 1882ರಲ್ಲಿ ಮರಳಿದಾಗ ಆಕೆಗೆ ತಾಯ್ನುಡಿ ಮರೆತುಹೋಗಿತ್ತು. ಮನೆಯವರೊಡನೆ ಮಾತನಾಡಲು ಅದನ್ನು ಹೊಸದಾಗಿ ಕಲಿಯಬೇಕಾಯಿತು. ಆಕೆ 1900ರಲ್ಲಿ ಟೋಕಿಯೋದಲ್ಲಿ ಹೆಣ್ಣುಮಕ್ಕಳಿಗಾಗಿ ಇಂಗ್ಲಿಷ್ ಶಾಲೆಯೊಂದನ್ನು ಸ್ಥಾಪಿಸಿದರು. ಅದೇ ವರ್ಷ ಶಿಕ್ಷಣ ಸಚಿವಾಲಯವು ಇಂಗ್ಲಿಷ್ ಅಧ್ಯಾಪಕರಾಗಿದ್ದ ನಾತ್ಸುಮೆ ಸೋಸೆಕಿಯವರನ್ನು ಲಂಡನ್ನಿಗೆ ಕಳಿಸಿತು. ಆದೇಶದಲ್ಲಿ ಇದ್ದದ್ದು ಇಂಗ್ಲಿಷ್ ಭಾಷೆಯ ಅಧ್ಯಯನ, ಸಾಹಿತ್ಯದ ಅಧ್ಯಯನವಲ್ಲ. ಲಂಡನ್ನಿನ ಎರಡು ವರ್ಷಗಳು ಅವರಿಗೆ ಯಾತನೆಯ ವರ್ಷಗಳಾದವು. 1903ರಲ್ಲಿ ಮರಳಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1907ರಲ್ಲಿ ಆ ಹುದ್ದೆಯನ್ನು ತೊರೆದು ಪತ್ರಿಕೆಯೊಂದಕ್ಕೆ ಕಾದಂಬರಿ ಬರೆಯಲು ನಿಂತರು. ಈ ಪರಂಪರೆ ಇಂದಿಗೂ ಮುಗಿದಿಲ್ಲ. ಹೊರದೇಶದಲ್ಲಿ ಓದುವ ಜಪಾನಿ ವಿದ್ಯಾರ್ಥಿಗಳ ಸಂಖ್ಯೆಯನ್ನು 2020ರೊಳಗೆ ಇಮ್ಮಡಿಗೊಳಿಸಬೇಕೆಂದು ಅಲ್ಲಿಯ ಸರ್ಕಾರ 2013ರಲ್ಲಿ ಖಾಸಗಿ ಉದ್ಯಮಗಳ ನೆರವಿನಿಂದ 'ತೊಬಿತಾತೆ' ಎಂಬ ಅಭಿಯಾನವನ್ನು ಆರಂಭಿಸಿತು. ಅಗ್ಗದ ದರದಲ್ಲಿ ಒಬ್ಬೊಬ್ಬರಿಗೇ ಇಂಗ್ಲಿಷ್ ಪಾಠ ಹೇಳಿಸಿಕೊಳ್ಳಲು ಫಿಲಿಪೀನ್ಸಿನ ಸೆಬು ನಗರಕ್ಕೆ ಹೋಗುವ ಜಪಾನಿ ತರುಣರೂ ಇದ್ದಾರೆ.

ಆದ್ದರಿಂದ ಜಪಾನು ಇಂಗ್ಲಿಷನ್ನು ದೂರವಿಟ್ಟು ಉಳಿಯಿತು ಎಂಬುದು ನಿಲ್ಲದ ಮಾತು. ಅದು ಉಳಿದದ್ದು ಹೋದವರಿಗೆ ಮರಳಿ ಬರಲು ಒಂದು ಮನೆ ಇದ್ದುದರಿಂದ. ಜಪಾನಿಯಲ್ಲಿ ಪಾಠ ನಡೆಯುವ ವಿಶ್ವವಿದ್ಯಾಲಯ, ಜಪಾನಿಯಲ್ಲಿ ಸಂಬಳ ಕೊಡುವ ಪತ್ರಿಕೆ, ಜಪಾನಿಯಲ್ಲಿ ಓದುವ ಜನ, ಇವೆಲ್ಲ ಸೋಸೆಕಿಗಾಗಿ ಕಾದಿದ್ದವು.

ಮಿಜುಮುರಾ ಅವರ ಕೃತಿಯ ಶಕ್ತಿ ಇರುವುದು ಈ ಅರಿವಿನಲ್ಲಿ. ಹನ್ನೆರಡನೆಯ ವಯಸ್ಸಿಗೆ ಅಮೆರಿಕಕ್ಕೆ ಹೋದ ಅವರು ಅಲ್ಲಿ ಜಪಾನಿ ಕಾದಂಬರಿಗಳನ್ನು ಓದುತ್ತ ಬೆಳೆದು, ಕೊನೆಗೆ ಜಪಾನಿಯಲ್ಲೇ ಬರೆದವರು. ರಾಷ್ಟ್ರಭಾಷೆಯೊಂದು ಹುಟ್ಟುವುದು ವಿಶ್ವಭಾಷೆಯಿಂದ ನಡೆಯುವ ಅನುವಾದದ ಮೂಲಕ. ಜ್ಞಾನವನ್ನು ಅರಸುವವರೆಲ್ಲ ನೇರವಾಗಿ ಇಂಗ್ಲಿಷಿಗೇ ತೆರಳಿದರೆ ಉಳಿದ ಭಾಷೆಗಳು ಮಾತಿನ ಮಟ್ಟಕ್ಕೆ ಕುಸಿಯುತ್ತವೆ ಎಂಬುದು ಅವರ ಪ್ರತಿಪಾದನೆ. ಪರಿಹಾರವನ್ನೂ ಅವರು ಸೂಚಿಸುತ್ತಾರೆ: ಎಲ್ಲರನ್ನೂ ಅರೆಬರೆ ದ್ವಿಭಾಷಿಕರನ್ನಾಗಿಸುವ ಬದಲು ಕೆಲವರನ್ನು ಮಾತ್ರ ಇಂಗ್ಲಿಷಿನಲ್ಲಿ ಚೆನ್ನಾಗಿ ಪಳಗಿಸಿ, ಉಳಿದವರಿಗೆ ಶಾಲೆಯಲ್ಲಿ ಆಧುನಿಕ ಜಪಾನಿ ಸಾಹಿತ್ಯವನ್ನು ಓದಿಸಬೇಕು. ಗಡಿಸೀಮೆಯ ಕನ್ನಡಿಗನಿಗೆ ಈ ವಾದ ಒಪ್ಪಿಗೆಯಾಗುವುದು ಇಲ್ಲಿಯವರೆಗೆ ಮಾತ್ರ. ಕೆಲವರನ್ನು ಆರಿಸುವ ಅಧಿಕಾರ ಯಾರದು ಎಂಬುದು ಮೊದಲ ಪ್ರಶ್ನೆ. ಇಂಗ್ಲಿಷ್ ದೊರೆಯದ ಉಳಿದವರೆಂದರೆ ನಮ್ಮಲ್ಲಿ ಯಾವ ಜಾತಿ, ಯಾವ ವರ್ಗದವರೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಾಗಿ, ಮನೆಮಾತೂ ಆಡಳಿತದ ಭಾಷೆಯೂ ಒಂದೇ ಆಗಿರುವ ಮಗುವನ್ನಷ್ಟೇ ಈ ಯೋಜನೆ ಬಲ್ಲದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದುವೂ ಬೇಕಾಗುವ ಮಕ್ತಲಿನ ಮಗುವಿಗೆ ಅದರಲ್ಲಿ ಸ್ಥಾನವಿಲ್ಲ.

ಇದೇ ಕೊರತೆ ಮಸೂದ್ ಅವರ ವರದಿಯಲ್ಲಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಏಷ್ಯದ ದೇಶವೊಂದು ಆಧುನಿಕ ವಿದ್ಯೆಯನ್ನು ತನ್ನ ನುಡಿಯ ಮೂಲಕ ಜನಕ್ಕೆ ಮುಟ್ಟಿಸಿತೆಂಬುದನ್ನು ವಸಾಹತು ಕಾಲದಲ್ಲಿ ಕಣ್ಣಾರೆ ಕಂಡು ಬರೆದದ್ದು ಸಣ್ಣ ಸಾಧನೆಯಲ್ಲ. 1917ರಲ್ಲಿ ಆರಂಭವಾದ ಅನುವಾದ ಶಾಖೆ, ಮರುವರ್ಷ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯ, ಅಲ್ಲಿ ದೇಶಭಾಷೆಯ ಬೋಧನೆಯೊಡನೆ ಕಡ್ಡಾಯ ವಿಷಯವಾಗಿದ್ದ ಇಂಗ್ಲಿಷ್, ಇವೆಲ್ಲಕ್ಕೂ ಜಪಾನಿನ ಅನುಭವ ಸಮರ್ಥನೆಯಾಗಿ ಒದಗಿತು. ಆದರೆ ಹೈದರಾಬಾದಿನಲ್ಲಿ ಆ ದೇಶಭಾಷೆಯಾದದ್ದು ಉರ್ದು. ತೆಲುಗು, ಮರಾಠಿ, ಕನ್ನಡಗಳನ್ನಾಡುವವರೇ ಬಹುಸಂಖ್ಯಾತರಾಗಿದ್ದ ಸಂಸ್ಥಾನದಲ್ಲಿ ಜಪಾನಿನ ಪಾಠವನ್ನು ಹೀಗೆ ಅನ್ವಯಿಸಿದ್ದರಿಂದ, ಗದ್ವಾಲಿನ ಕನ್ನಡದ ಹುಡುಗನಿಗೆ ಉನ್ನತ ವಿದ್ಯೆ ಎರಡು ಪರಭಾಷೆಗಳ ಆಚೆಗೆ ಸರಿಯಿತು. ಗದ್ವಾಲ್ ಆಗ ರಾಯಚೂರು ಜಿಲ್ಲೆಯ ತಾಲ್ಲೂಕು ಎಂಬುದನ್ನು ನೆನೆಯಬೇಕು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು.

ಎರಡೂ ಕೃತಿಗಳು ಬಿಟ್ಟ ಜಾಗವನ್ನು ತೋರಿಸುವ ಸಂಗತಿಯೊಂದು ಜಪಾನಿನ ಚರಿತ್ರೆಯಲ್ಲೇ ಇದೆ. ಉಮೆಕೊ ಮತ್ತು ಜೊತೆಯವರನ್ನು ಆರಿಸಿ ಕಳಿಸಿದ್ದು ಹೊಕ್ಕೈಡೊ ದ್ವೀಪದ ವಸತೀಕರಣ ಇಲಾಖೆ. ಅದೇ ಇಲಾಖೆ 1871ರಲ್ಲಿ ಆ ದ್ವೀಪದ ಮೂಲನಿವಾಸಿಗಳಾದ ಐನು ಜನರ ಕೆಲವು ಆಚಾರಗಳನ್ನು ನಿಷೇಧಿಸಿ, ಜಪಾನಿ ನುಡಿ ಮತ್ತು ಲಿಪಿಗಳನ್ನು ಕಲಿಯುವಂತೆ ಅವರಿಗೆ ವಿಧಿಸಿತು. 1872ರಲ್ಲಿ ಕೆಲವು ಐನು ಜನರನ್ನು ಟೋಕಿಯೋಗೆ ಕರೆತಂದು ಶಾಲೆಗೆ ಸೇರಿಸಿತು. ಒಂದೇ ಕಚೇರಿ ಎರಡು ಬಗೆಯ ವಿದ್ಯಾರ್ಥಿಗಳನ್ನು ಊರು ಬಿಡಿಸಿತು. ಉಮೆಕೊ ಕಳೆದುಕೊಂಡ ಭಾಷೆ ಆಕೆ ಮರಳುವವರೆಗೆ ಒಂದು ರಾಷ್ಟ್ರದ ರಕ್ಷಣೆಯಲ್ಲಿತ್ತು. ಐನು ಮಕ್ಕಳು ಬಿಟ್ಟ ಭಾಷೆಗೆ ಶಾಲೆಯೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಅದು ಇಂದು ಅಳಿವಿನ ಅಂಚಿನಲ್ಲಿದೆ.

ನಮ್ಮ ಗಡಿಯ ಮಗು ಯಾರಂತೆ? ಕನ್ನಡ ಐನುವಲ್ಲ. ಕೃಷ್ಣೆಯ ಆಚೆಗೆ ಅದಕ್ಕೆ ರಾಜ್ಯವಿದೆ, ವಿಶ್ವವಿದ್ಯಾಲಯಗಳಿವೆ, ಕೋಟಿಗಟ್ಟಲೆ ಓದುಗರಿದ್ದಾರೆ. ಆದರೆ ರಾಜ್ಯದ ಗೆರೆಯ ಈಚೆಗೆ ಮಗುವನ್ನು ಇಂಗ್ಲಿಷಿಗೆ ಕರೆದೊಯ್ಯಲು ಹಡಗು ಬೇಕಾಗಿಲ್ಲ. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು; 2022–23ರಿಂದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂತು. ರಾಜ್ಯಭಾಷೆಯನ್ನು ಕಲಿಸುವುದು ಅನ್ಯಾಯವಲ್ಲ. ಇಂಗ್ಲಿಷನ್ನು ಬಯಸುವ ತಂದೆತಾಯಿಗಳನ್ನು ಹಳಿಯುವ ಹಕ್ಕು, ಸ್ವಂತ ಮಕ್ಕಳನ್ನು ಅದರಲ್ಲೇ ಓದಿಸಿದ ನಮ್ಮಂಥ ವಿದ್ವಾಂಸರಿಗಂತೂ ಇಲ್ಲ. ಕೇಳಬೇಕಾದದ್ದು ಬೇರೆ. ಈ ಎರಡು ಭಾಷೆಗಳ ಓದು ಮುಗಿಸಿದ ಮಗು ಕನ್ನಡಕ್ಕೆ ಮರಳುವುದಾದರೆ ಎಲ್ಲಿಗೆ ಮರಳಬೇಕು?

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ನಮ್ಮ ಬೇಡಿಕೆಗಳು ಬಹುಕಾಲ ಮಾಧ್ಯಮದ ಪ್ರಶ್ನೆಯಲ್ಲೇ ನಿಂತಿವೆ. ಮಾಧ್ಯಮ ಉಳಿದರೆ ಒಳ್ಳೆಯದೇ. ಉಳಿಯದೆಡೆಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯೊಳಗೇ ಕನ್ನಡ ಒಂದು ಭಾಷೆಯಾಗಿ, ಅದನ್ನು ಕಲಿಸುವ ಕಾಯಂ ಶಿಕ್ಷಕರೊಡನೆ, ಹತ್ತನೆಯ ತರಗತಿಯವರೆಗೂ ಮುಂದೆ ಪದವಿಯವರೆಗೂ ಇರಬೇಕೆಂದು ಕೇಳಬೇಕು. ಅಲ್ಲಿ ಓದಿದವರಿಗೆ ಕರ್ನಾಟಕದ ಕಾಲೇಜು, ನೌಕರಿಗಳಲ್ಲಿ ಕನ್ನಡದ ವಿದ್ಯಾರ್ಥಿಗಳೆಂಬ ಮನ್ನಣೆ ಇರಬೇಕೆಂದು ಬೆಂಗಳೂರನ್ನೂ ಕೇಳಬೇಕು.

ತೆಲಂಗಾಣದ ಸರ್ಕಾರಿ ಸಂಸ್ಥೆಯಾದ ಟಾಮ್‌ಕಾಮ್ ಈಗ ತರುಣ ಶುಶ್ರೂಷಕರಿಗೆ ಜಪಾನಿ ಕಲಿಸಿ ಆ ದೇಶಕ್ಕೆ ಕಳಿಸುತ್ತಿದೆ. ಹೊರಡುವವರಿಗೆ ಅಲ್ಲಿ ಬೇಕಾದದ್ದು ಇಂಗ್ಲಿಷ್ ಅಲ್ಲ. ತನ್ನ ಮಕ್ಕಳನ್ನು ಇಂಗ್ಲಿಷಿಗೆ ಕಳಿಸುವ ದೇಶವೇ ಬರುವವರಿಂದ ತನ್ನ ನುಡಿಯನ್ನು ಕೇಳುತ್ತದೆ. ಜಪಾನನ್ನು ಮಾದರಿಯೆನ್ನುವುದಾದರೆ ಈ ಎರಡನ್ನೂ ಒಟ್ಟಿಗೆ ಹೇಳಬೇಕು, ಐನು ಮಕ್ಕಳನ್ನೂ ಮರೆಯಬಾರದು.