ಒಡೆಯನಿಲ್ಲದ ಮಾತಿಗೆ ಹೊಣೆ ಯಾರು?

ವ್ಯಾಟಿಕನ್ನಿನ ಸಂಪರ್ಕ ಮಾಧ್ಯಮ ವಿಭಾಗವು 2023ರ ಮೇ 28ರಂದು ಸಾಮಾಜಿಕ ಜಾಲತಾಣಗಳನ್ನು ಕುರಿತು ‘ಪೂರ್ಣ ಸಾನ್ನಿಧ್ಯದೆಡೆಗೆ’ ಎಂಬರ್ಥದ ಶೀರ್ಷಿಕೆಯ ಚಿಂತನೆಯೊಂದನ್ನು ಹೊರತಂದಿತು. ದಯಾಳು ಸಮಾರಿಯದವನ ಸಾಮತಿಯನ್ನು ಆಧಾರವಾಗಿರಿಸಿಕೊಂಡು, ಜಾಲತಾಣದ ದಾರಿಯಲ್ಲಿಯೂ ಗಾಯಗೊಂಡ ನೆರೆಯವನನ್ನು ಕಾಣಿರೆಂದು ಅದು ಕರೆಯುತ್ತದೆ. ಸುಂದರವಾದ ಬರಹ. ಆದರೆ ಆ ದಾರಿಹೋಕನನ್ನು ಗಾಯಗೊಳಿಸಿದವರು ಯಾರು, ಅವರು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗೆ ಅಲ್ಲಿ ದೊರೆತಿರುವ ಸ್ಥಳ ನನಗೆ ಸಾಲದೆನಿಸಿತು.

ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನೆಯಿರಿ. 2018ರ ಜುಲೈ 13ರಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ, ಹೈದರಾಬಾದಿನಿಂದ ಬಂದಿದ್ದ ಗೆಳೆಯರನ್ನು ಮಕ್ಕಳ ಕಳ್ಳರೆಂದು ಶಂಕಿಸಲಾಯಿತು. ವಾಟ್ಸಾಪಿನ ಸುದ್ದಿ ಅವರ ಕಾರಿಗಿಂತ ಮೊದಲೇ ಮುರ್ಕಿಯನ್ನು ತಲುಪಿತ್ತು. ಗುಂಪಿನ ಹೊಡೆತಕ್ಕೆ ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟರು. ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ದುಡಿಯಲು ಹೋಗುವವರು ನಮ್ಮ ರಾವೂರ ಸೀಮೆಯ ಮನೆಗಳಲ್ಲಿಯೂ ಇದ್ದಾರಲ್ಲವೇ?

ಅದೇ ತಿಂಗಳು ವಾಟ್ಸಾಪ್ ಕಂಪನಿಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಕೇಳಲು ಅಲ್ಲಿ ಒಬ್ಬ ಯಜಮಾನನಾದರೂ ಇದ್ದ. 2016ರಲ್ಲಿ ಆರಂಭವಾದ ಮ್ಯಾಸ್ಟೊಡಾನ್‌ನಂತಹ ವಿಕೇಂದ್ರೀಕೃತ ಜಾಲಗಳಲ್ಲಿ ಅವನೂ ಇಲ್ಲ. ಸಾವಿರಾರು ಸರ್ವರ್‌ಗಳು, ಒಂದೊಂದಕ್ಕೂ ಅದರದೇ ನಿರ್ವಾಹಕರು, ಹಲವೆಡೆ ಸ್ವಯಂಸೇವಕರು. (ಜಾಹೀರಾತಿನವರ ಕಾಟವಿಲ್ಲದಿರುವುದು ಮೆಚ್ಚತಕ್ಕದ್ದೇ.) ನಿರ್ವಾಹಕನು ತನ್ನಲ್ಲಿಯ ಕೆಟ್ಟ ಬರಹವನ್ನು ಅಳಿಸಬಲ್ಲನು, ದುಷ್ಟ ಸರ್ವರಿನ ನಂಟನ್ನು ಕಡಿಯಬಲ್ಲನು; ಬೇರೆಡೆ ಹೋಗಿ ನೆಲೆಸಿದ ಪ್ರತಿಯ ಮೇಲೆ ಅವನಿಗೆ ಅಧಿಕಾರವಿಲ್ಲ.

ಸದಸ್ಯನೊಬ್ಬನು ಹಾಕಿದ ಆಕ್ಷೇಪಾರ್ಹ ಬರಹಕ್ಕೆ ವಾಟ್ಸಾಪ್ ಗುಂಪಿನ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟು 2022ರಲ್ಲಿ ತೀರ್ಪಿತ್ತಿತು. ಒಬ್ಬನ ಅಪರಾಧಕ್ಕೆ ಇನ್ನೊಬ್ಬನನ್ನು ದಂಡಿಸಲಾಗದು, ಸರಿಯೇ. ಆದರೆ ನ್ಯಾಯಾಲಯ ಕೈಬಿಟ್ಟಿತೆಂದು ಮನಸ್ಸಾಕ್ಷಿಯೂ ಕಣ್ಣು ಮುಚ್ಚಬೇಕೇ? ಸತ್ಯಕ್ಕೂ ನ್ಯಾಯಕ್ಕೂ ಎಸಗಿದ ಅಪರಾಧವು ಕ್ಷಮಿಸಲ್ಪಟ್ಟ ಮೇಲೂ ಪರಿಹಾರದ ಋಣ ಉಳಿಯುತ್ತದೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2487ನೆಯ ಪರಿಚ್ಛೇದ ಬೋಧಿಸುತ್ತದೆ. ಸಂದೇಶವನ್ನು ಸದ್ದಿಲ್ಲದೆ ಅಳಿಸಿಬಿಟ್ಟರೆ ಆ ಋಣ ತೀರುವುದಿಲ್ಲ. ಯಾವ ಗುಂಪಿಗೆ ಕಳುಹಿಸಿದೆವೋ ಅದೇ ಗುಂಪಿಗೆ, ಅದೇ ಹೆಸರಿನಿಂದ, ‘ಅದು ಸುಳ್ಳು, ಕಳುಹಿಸಿದವನು ನಾನೇ’ ಎಂದು ಬರೆಯಬೇಕಾಗುತ್ತದೆ. ಜಕ್ಕಾಯನು ನಾಲ್ಮಡಿ ಹಿಂತಿರುಗಿಸುವೆನೆಂದದ್ದು ಜನರೆದುರಿನಲ್ಲಿಯೇ.

ಈ ಮಾತಿಗೆ ವ್ಯಾಟಿಕನ್ನಿನ ಚಿಂತನೆಯು ಒಂದು ಪುಟವನ್ನಾದರೂ ಮೀಸಲಿಟ್ಟಿದ್ದರೆ, ಮುರ್ಕಿಯ ಸುತ್ತಿನ ಧರ್ಮಕೇಂದ್ರಗಳ ಗುರುಗಳಿಗೆ ಭಾನುವಾರದ ಪ್ರಬೋಧನೆಗೆ ಆಧಾರ ಸಿಗುತ್ತಿತ್ತು.