ಐವತ್ತರ ದಶಕದ ಸಿರಿ

ವಿಶ್ವ ಸಿನಿಮಾದಲ್ಲಿ ಒಂದೇ ದಶಕ ಆರಿಸಿಕೊಳ್ಳಿ ಎಂದರೆ 1950ರ ದಶಕಕ್ಕೇ ಮೊದಲ ಮಣೆ.

1951ರಲ್ಲಿ ಅಕಿರಾ ಕುರೊಸಾವಾ ಅವರ ‘ರಾಶೊಮಾನ್’ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದಾಗ ಜಗತ್ತು ಜಪಾನಿನತ್ತ ಕಣ್ಣರಳಿಸಿ ನೋಡಿತು. ‘ಸೆವೆನ್ ಸಮುರಾಯ್’ನ (1954) ಮಳೆಯ ಕಾಳಗವನ್ನು ಅವರು ಏಕಕಾಲಕ್ಕೆ ಹಲವು ಕ್ಯಾಮೆರಾಗಳಲ್ಲಿ ಸೆರೆಹಿಡಿದರು, ಕೆಸರು, ಕುದುರೆ, ಕತ್ತಿ ಎಲ್ಲವೂ ನೋಡುಗರ ಮೈಮೇಲೇ ಬಂದಂತಾಗುತ್ತದೆ. ಅದೇ ನಾಡಿನ ಯಸುಜಿರೊ ಓಜು ‘ಟೋಕಿಯೊ ಸ್ಟೋರಿ’ಯಲ್ಲಿ (1953) ಕ್ಯಾಮೆರಾವನ್ನು ಚಾಪೆಯ ಮಟ್ಟಕ್ಕಿಳಿಸಿ, ಹೆಚ್ಚುಕಡಿಮೆ ಅಲುಗಾಡಿಸದೆ, ಬಿಡುವಿಲ್ಲದ ಮಕ್ಕಳ ಮನೆಗೆ ಬಂದ ವೃದ್ಧ ದಂಪತಿಯ ಕತೆ ಹೇಳಿದರು. ಎರಡು ದಾರಿ, ಎರಡೂ ಶಿಖರ.

ಇತ್ತ ಭಾರತದಲ್ಲಿ ‘ಪಥೇರ್ ಪಾಂಚಾಲಿ’ಗೆ (1955) ಸತ್ಯಜಿತ್ ರೇ ಆರಿಸಿದ ಸುಬ್ರತ ಮಿತ್ರ ಅದಕ್ಕೂ ಮೊದಲು ಒಂದೂ ಚಿತ್ರಕ್ಕೆ ಛಾಯಾಗ್ರಹಣ ಮಾಡಿದವರಲ್ಲ. ಆದರೂ ಆ ಚಿತ್ರದ ಮಕ್ಕಳಾದ ಅಪು, ದುರ್ಗಾ ಕಾಶಹೂವಿನ ಬಯಲಲ್ಲಿ ಓಡಿ ರೈಲು ನೋಡುವ ದೃಶ್ಯ ಮರೆಯುವಂಥದ್ದೇ?

1957ರಲ್ಲಿ ಸ್ವೀಡನ್ನಿನ ಇಂಗ್ಮರ್ ಬರ್ಗ್‌ಮನ್ ‘ದಿ ಸೆವೆಂತ್ ಸೀಲ್’, ‘ವೈಲ್ಡ್ ಸ್ಟ್ರಾಬೆರೀಸ್’ ಎರಡನ್ನೂ ಕೊಟ್ಟರು. 1959ರಲ್ಲಿ ಫ್ರಾನ್ಸ್‌ನ ತ್ರುಫೋ ‘ದಿ 400 ಬ್ಲೋಸ್’ನೊಂದಿಗೆ ಅಲ್ಲಿನ ಸಿನಿಮಾದ ಹೊಸ ಅಲೆಗೆ ಬಲ ತುಂಬಿದರು.